ಚಿಕಿತ್ಸೆ ಮುಗಿಸಿ ಬಂದ ಹುಡುಗನಿಗೆ ಯಾರು ಕೊಡುತ್ತಾರೆ?

ಲಬ್ಬಕ್‌ನಲ್ಲಿದ್ದೇನೆ ಎಂದರೆ ಕಲಬುರಗಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಟೆಕ್ಸಸ್ ಎಂದು ಸೇರಿಸಿದರೆ ‘ಹಾಂ, ಕುದುರೆಗಳ ಸೀಮೆ’ ಎನ್ನುತ್ತಾರೆ. ಇಲ್ಲಿ ಕುದುರೆಗಿಂತ ಹತ್ತಿಯೇ ಹೆಚ್ಚು. ಸಪಾಟು ನೆಲ, ಕಣ್ಣಿಗೆ ರಾಚುವ ಬಿಸಿಲು, ಗಾಳಿಯೆದ್ದರೆ ಊರನ್ನೇ ಮುಚ್ಚುವ ಕೆಂಪು ಧೂಳು. ಸೇಡಂ ರಸ್ತೆಯಲ್ಲಿ ಬೆಳೆದವನಿಗೆ ಇದೇನೂ ಪರದೇಶವೆನಿಸಲಿಲ್ಲ. ನನಗೆ ಹೊಸದೆನಿಸಿದ್ದು ಬೇರೆ. ಕುಡಿತವನ್ನೋ ಮಾದಕ ವಸ್ತುವನ್ನೋ ಬಿಟ್ಟು ಮತ್ತೆ ಓದಲು ಬಂದ ವಿದ್ಯಾರ್ಥಿಗಳಿಗೆಂದೇ ಇಲ್ಲಿನ ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದಲ್ಲಿ ಒಂದು ಕೇಂದ್ರವಿದೆ. ಅವರಿಗೆಂದೇ ವಿದ್ಯಾರ್ಥಿವೇತನವೂ ಇದೆ. ಅದಕ್ಕೆ ಜನ ತಮ್ಮ ಕೈಯಿಂದ ಹಣ ಕೊಡುತ್ತಾರೆ.

ಈ ಕೇಂದ್ರ ಶುರುವಾದದ್ದು 1986ರಲ್ಲಿ. ಇದಕ್ಕೂ ಮೊದಲು, 1977ರಲ್ಲಿ ಬ್ರೌನ್ ವಿಶ್ವವಿದ್ಯಾಲಯದಲ್ಲಿ, 1983ರಲ್ಲಿ ರಟ್ಗರ್ಸ್‌ನಲ್ಲಿ ಇಂಥ ಕೆಲಸ ಆರಂಭವಾಗಿತ್ತು. ಮಿನಿಯಾಪೊಲಿಸ್‌ನ ಆಗ್ಸ್‌ಬರ್ಗ್ ಕಾಲೇಜು 1997ರಲ್ಲಿ ಹೀಗೆ ಬಿಟ್ಟುಬಂದವರು ಒಟ್ಟಿಗೆ ಇರುವ ವಸತಿಯ ವ್ಯವಸ್ಥೆಯನ್ನೇ ಮಾಡಿತು. ಇವು ಯಾವುವೂ ಚಿಕಿತ್ಸಾ ಕೇಂದ್ರಗಳಲ್ಲ ಎಂಬುದನ್ನು ಊರಿನವರಿಗೆ ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಚಿಕಿತ್ಸೆ ಬೇರೆಲ್ಲೋ ಆಗಿರುತ್ತದೆ. ಇಲ್ಲಿ ಇರುವುದು ಎರಡು ತರಗತಿಗಳ ನಡುವೆ ಬಂದು ಕೂರಲು ಒಂದು ಜಾಗ, ತಮ್ಮಂಥದೇ ದಾರಿ ಹಿಡಿದ ನಾಲ್ಕು ಜನ, ಓದಿನ ಲೆಕ್ಕ ಕೇಳುವ ಒಬ್ಬ ಸಲಹೆಗಾರ, ವಾರದ ಸಭೆ. ಮಹತ್ವದ್ದು ಎಂದರೆ ಶನಿವಾರಗಳು. ಅಮೆರಿಕದಲ್ಲಿ ಮದ್ಯಪಾನಕ್ಕೆ 21 ವರ್ಷವಾಗಿರಬೇಕು. ಆದರೆ ಫುಟ್‌ಬಾಲ್ ಪಂದ್ಯದ ದಿನ ಕ್ರೀಡಾಂಗಣದ ಸುತ್ತ ಡೇರೆ ಹಾಕಿ ಕುಡಿಯುವವರನ್ನು ನೋಡಿದರೆ ಆ ಕಾನೂನು ಯಾರಿಗಾಗಿ ಎಂಬ ಅನುಮಾನ ಬರುತ್ತದೆ. ಕುಡಿತ ಬಿಟ್ಟ ಹತ್ತೊಂಬತ್ತರ ಹುಡುಗ ಆ ಸಂಜೆಯನ್ನು ಎಲ್ಲಿ ಕಳೆಯಬೇಕು? ಅವನಿಗಾಗಿ ಮದ್ಯವಿಲ್ಲದ ಇನ್ನೊಂದು ಡೇರೆ, ಅಲ್ಲಿಯೂ ಅದೇ ಸುಟ್ಟ ಮಾಂಸ, ಅದೇ ಕಿರುಚಾಟ. ದಾನಿಗಳ ಹಣ ಇಂಥ ಡೇರೆಗೂ ಹೋಗುತ್ತದೆ. ನನಗೆ ಇದು ಬಹಳ ಬುದ್ಧಿವಂತಿಕೆಯ ಖರ್ಚು ಎನಿಸಿದೆ.

ಹಣದ ಲೆಕ್ಕವೂ ಹೇಳುತ್ತೇನೆ, ಏಕೆಂದರೆ ಅಮೆರಿಕದವರು ಶ್ರೀಮಂತರು, ಕೊಡುತ್ತಾರೆ ಬಿಡು ಎಂಬ ಮಾತು ನಮ್ಮಲ್ಲಿ ಬೇಗ ಬರುತ್ತದೆ. ಅನೇಕ ವಿಶ್ವವಿದ್ಯಾಲಯಗಳಲ್ಲಿ 25,000 ಡಾಲರ್ ಕೊಟ್ಟರೆ ಒಂದು ದತ್ತಿನಿಧಿ ಇಡಬಹುದು. ಮೂಲಧನವನ್ನು ಮುಟ್ಟುವುದಿಲ್ಲ, ವರ್ಷಕ್ಕೆ ಶೇ 4ರಷ್ಟು ತೆಗೆದರೆ 1,000 ಡಾಲರ್ ಸಿಗುತ್ತದೆ. ಒಬ್ಬ ವಿದ್ಯಾರ್ಥಿಯ ಪುಸ್ತಕಕ್ಕೆ ಸಾಕು, ಶುಲ್ಕಕ್ಕೆ ಸಾಲದು. ಉಳಿದದ್ದು ಬರುವುದು ಹತ್ತು, ಇಪ್ಪತ್ತು ಡಾಲರ್ ಕೊಡುವವರಿಂದ. ಅವರಲ್ಲಿ ಹಳೆಯ ವಿದ್ಯಾರ್ಥಿಗಳಿದ್ದಾರೆ, ಮಗನನ್ನು ಕಳೆದುಕೊಂಡ ತಂದೆ ತಾಯಿಯರಿದ್ದಾರೆ. ನೌಕರ ಕೊಟ್ಟಷ್ಟನ್ನೇ ತಾವೂ ಸೇರಿಸಿ ಕೊಡುವ ಕಂಪನಿಗಳೂ ಇವೆ. ನಾನು ಕೊಡಲು ಆರಂಭಿಸಿದ್ದು ಆ ಆಸೆಗೇ.

ದಾನವೆಂದರೆ ಏನೆಂದು ಕಲಬುರಗಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಶರಣಬಸವೇಶ್ವರರ ದಾಸೋಹದ ಊರು ನಮ್ಮದು. ಜಾತ್ರೆಗೆ ಬಂದವರಿಗೆ ನೀರು, ಮಜ್ಜಿಗೆ ಕೊಡುವವರಿಗೆ ಬರವಿಲ್ಲ. ವ್ಯಸನದ ವಿಷಯದಲ್ಲಿಯೂ ನಮ್ಮಲ್ಲಿ ದೊಡ್ಡ ಮಾದರಿಯಿದೆ. ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಧಾನ್ಯದ ಬದಲು ದುಶ್ಚಟಗಳನ್ನು ಭಿಕ್ಷೆ ಕೇಳಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತದೆ. ಅಂದು ಕಾಲೇಜುಗಳಲ್ಲಿ ಪ್ರತಿಜ್ಞೆ, ಭಾಷಣ. ಆಗಸ್ಟ್ 2ಕ್ಕೆ ಏನು ಎಂಬುದೇ ನನ್ನ ತಕರಾರು.

ನಮ್ಮ ಭಾಗದಲ್ಲಿ ಕ್ಲೋರಲ್ ಹೈಡ್ರೇಟ್ ಎಂಬ ಮತ್ತಿನ ರಾಸಾಯನಿಕ ಬೆರೆಸಿದ ಸೇಂದಿಯ ಕಾಟವನ್ನು ಹಿರಿಯರು ಕಂಡಿದ್ದಾರೆ. ಈಗಿನ ಹುಡುಗರ ಕೈಗೆ ಗಾಂಜಾ, ಮಾತ್ರೆಗಳೂ ಸಿಗುತ್ತವೆ. ಮಗ ಹಾಳಾದನೆಂದು ತಿಳಿದಾಗ ಮನೆಯವರು ತೊಗರಿ ಮಾರಿದ ದುಡ್ಡು ತೆಗೆದು ಚಿಕಿತ್ಸೆಗೆ ಸೇರಿಸುತ್ತಾರೆ. ಅವನು ಸುಧಾರಿಸಿ ಬರುವ ಹೊತ್ತಿಗೆ ಹಾಜರಾತಿ ಶೇ 75ಕ್ಕಿಂತ ಕೆಳಗಿಳಿದಿರುತ್ತದೆ, ಪರೀಕ್ಷೆಗೆ ಕೂರಿಸುವುದಿಲ್ಲ. ಇನ್ನೊಂದು ವರ್ಷದ ಶುಲ್ಕ ಕಟ್ಟಲು ಮನೆಯಲ್ಲಿ ಹಣವಿಲ್ಲ, ಮನಸ್ಸೂ ಇಲ್ಲ. ಅವನು ಹಿಂದಿರುಗುವುದು ಅದೇ ಕೋಣೆಗೆ, ಅದೇ ಗೆಳೆಯರ ನಡುವೆ. ಮರಳಿ ಬಿದ್ದರೆ ‘ಹೇಳಿದ್ದೆವಲ್ಲ’ ಎನ್ನಲು ಊರೆಲ್ಲ ಸಿದ್ಧ.

ಕಲಬುರಗಿಯ ಒಂದು ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಗೆಳೆಯನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಅವನು ನಕ್ಕ. “ಬಡ ಹುಡುಗಿಯ ವೈದ್ಯಕೀಯ ಸೀಟಿಗೆ ರೊಕ್ಕ ಕೇಳಿದರೆ ಇವತ್ತೇ ಕೂಡಿಸಿ ಕೊಡುತ್ತೇನೆ. ಕುಡಿದು ಫೇಲಾದವನಿಗೆ ಕೇಳಿದರೆ ನನ್ನನ್ನೇ ಅನುಮಾನದಿಂದ ನೋಡುತ್ತಾರೆ, ಏನು ಮಾಡಲಿ ಹೇಳು.” ಪ್ರಾಂಶುಪಾಲರಿಗೆ ಬೇರೆ ಭಯ: ಪೊಲೀಸರು ಬಂದರೆ? ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು, ಸರ್ಕಾರದ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ, ಸೇವನೆ ಅಥವಾ ಸಣ್ಣ ಪ್ರಮಾಣದ ಪ್ರಕರಣವಾಗಿದ್ದರೆ, ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಆ ಪುಟವನ್ನು ಮುದ್ರಿಸಿ ಅವರ ಮೇಜಿನ ಮೇಲಿಟ್ಟ ಮೇಲೆ ಮಾತು ಸ್ವಲ್ಪ ಮುಂದುವರಿಯಿತು.

ಕೊಡಬೇಕೆನ್ನುವ ಹೊರನಾಡಿನವರು ಒಂದು ವಿಷಯ ತಿಳಿದಿರಬೇಕು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಮೆರಿಕದ ಪೌರತ್ವ ಪಡೆದವರು, ಕೈಯಲ್ಲಿ ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಕಾನೂನಿನ ಲೆಕ್ಕದಲ್ಲಿ ವಿದೇಶಿ ಮೂಲವೇ. ಅವರ ಹಣ ಪಡೆಯಲು ಸಂಸ್ಥೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಬೇಕು, ಹಣ ದಿಲ್ಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ಆದ್ದರಿಂದ ಗೆಳೆಯನ ಕಾಲೇಜಿಗೆಂದು ಹಣ ಕೂಡಿಸುತ್ತಿರುವ ನಮ್ಮ ಗುಂಪಿನಲ್ಲಿ ಸದ್ಯಕ್ಕೆ ಕಳುಹಿಸುವವರು ಭಾರತೀಯ ಪಾಸ್‌ಪೋರ್ಟಿನವರು ಮಾತ್ರ.

ಗೆಳೆಯ ಕೇಳಿದ್ದು ದೊಡ್ಡದೇನಲ್ಲ. ಸಂಜೆ ತೆರೆದಿರುವ ಒಂದು ಕೋಣೆ, ಅಲ್ಲಿ ಕೂರುವ ತರಬೇತಿ ಪಡೆದ ಆಪ್ತಸಮಾಲೋಚಕರೊಬ್ಬರ ಗೌರವಧನ, ವರ್ಷ ಕಳೆದುಕೊಂಡವರಿಗೆ ಮರು ಪ್ರವೇಶದ ಶುಲ್ಕ. ಕೋಣೆ ಸಿಕ್ಕಿದೆ. ತಕರಾರು ಹುಟ್ಟಿದ್ದು ಹೆಸರಿನ ಬಗ್ಗೆ. ನಾವೆಲ್ಲ ಕಾಕಾ ಎಂದು ಕರೆಯುವ, ಡಾಲಸ್‌ನಲ್ಲಿರುವ ಹಿರಿಯರೊಬ್ಬರು ಎಲ್ಲರಿಗಿಂತ ಹೆಚ್ಚು ಕೊಡಲು ಒಪ್ಪಿದ್ದಾರೆ. ಬಾಗಿಲಿನ ಮೇಲೆ ತಮ್ಮ ತಂದೆಯ ಹೆಸರು, ಕೆಳಗೆ ‘ವ್ಯಸನಮುಕ್ತ ವಿದ್ಯಾರ್ಥಿ ಕೇಂದ್ರ’ ಎಂಬ ಫಲಕ ಇರಬೇಕು. ಅಂಥ ಫಲಕದ ಕೆಳಗೆ ಯಾವ ಹುಡುಗ ಹಾದು ಒಳಗೆ ಹೋಗುತ್ತಾನೆ? “ಕಾಕಾ, ಫಲಕ ಹಾಕಿದರೆ ಕೋಣೆಯಲ್ಲಿ ನಿಮ್ಮ ತಂದೆಯವರ ಹೆಸರೊಂದೇ ಉಳಿಯುತ್ತದೆ, ಹುಡುಗರು ಬರುವುದಿಲ್ಲ” ಎಂದು ಗೆಳೆಯನೇ ಫೋನಿನಲ್ಲಿ ಹೇಳಿದ. ಎರಡು ವಾರ ಮಾತಿಲ್ಲ. ಕೊನೆಗೆ, ಹೊರಗಿನ ಪಡಸಾಲೆಯಲ್ಲಿ ಕುಡಿಯುವ ನೀರಿನ ಯಂತ್ರವೊಂದನ್ನು ಕೂರಿಸಿ ಅದರ ಮೇಲೆ ಹೆಸರು ಬರೆಸುವುದೆಂದು ತೀರ್ಮಾನವಾಗಿದೆ. ಯಂತ್ರದ ಖರ್ಚು ಬೇರೆ, ಅದನ್ನೂ ಕಾಕಾ ಅವರೇ ಕೊಡುತ್ತಾರಂತೆ.