ಅಂಥಾ ಕೂಸನ್ನ ಕ್ಯಾಂಪಿಗೆ ಯಾಕ ಒಯ್ದ್ರಿ?

"ಅಕ್ಕಾರ, ಅಂಥಾ ಕೂಸನ್ನ ಈ ಬಿಸಿಲಾಗ ಕ್ಯಾಂಪಿಗೆ ಯಾಕ ಒಯ್ದ್ರಿ?" ಧಾರವಾಡದ ನಮ್ಮ ಓಣಿಯಲ್ಲಿ ಇದನ್ನು ಕೇಳದವರಿಲ್ಲ. ಕಾಳಜಿಯಿಂದಲೇ ಕೇಳುತ್ತಾರೆ. ಅದು ಕಾಯಿಲೆಯ ಮಕ್ಕಳಿಗಾಗಿಯೇ ನಡೆಸಿದ ಕ್ಯಾಂಪು.

ಮಗಳಿಗೆ ಎಎಲ್‌ಎಲ್, ಅಂದರೆ ಒಂದು ಬಗೆಯ ರಕ್ತದ ಕ್ಯಾನ್ಸರ್. ಮಕ್ಕಳ ಕ್ಯಾನ್ಸರ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಚಿಕಿತ್ಸೆ ಎರಡು-ಮೂರು ವರ್ಷ ನಡೆಯುತ್ತದೆ. ನಾವೀಗ ಗುಳಿಗೆಯ ಹಂತದಲ್ಲಿದ್ದೇವೆ. ಡಾಕ್ಟರ್ ಒಪ್ಪಿದ ಮೇಲೆಯೇ ಹೊರಟೆವು. ಕೌಂಟ್, ಅಂದರೆ ರಕ್ತಕಣಗಳ ಎಣಿಕೆ, ಬಿದ್ದಿದ್ದರೆ ಮನೆಯಲ್ಲೇ ಉಳಿಯುತ್ತಿದ್ದೆವು. ಈ ಚಿಕಿತ್ಸೆಯ ಔಷಧಿ ಮೆಥೋಟ್ರೆಕ್ಸೇಟ್ ತಗೊಳ್ಳುವ ಮಕ್ಕಳ ಚರ್ಮಕ್ಕೆ ಬಿಸಿಲು ಬೇಗ ತಾಗುತ್ತದೆ, ಹಾಗಾಗಿ ಹೊರಗಿನ ಆಟವೆಲ್ಲ ಬೆಳಿಗ್ಗೆ, ಸಂಜೆ. ಮಧ್ಯಾಹ್ನ ಮಕ್ಕಳು ಒಳಗೆ ಕೂತು ಎತ್ತು ಮಾಡಿದರು. ಮಣ್ಣೆತ್ತಲ್ಲ, ಸೋಂಕಿನ ಭಯಕ್ಕೆ ರಟ್ಟಿನ ಎತ್ತು, ಕೋಡಿಗೆ ಬೇಗಡೆ ಸುತ್ತಿ. ನರ್ಸಮ್ಮ ಥರ್ಮಾಮೀಟರ್ ಹಿಡಿದೇ ಓಡಾಡುತ್ತಿದ್ದರು, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ತಡಮಾಡದೆ ಆಸ್ಪತ್ರೆಗೆ.

ಆದರೆ ನಾನು ಹೋದದ್ದು ಮಗಳೊಬ್ಬಳಿಗಾಗಿ ಅಲ್ಲ, ಮಗನನ್ನೂ ಕರಕೊಂಡು ಹೋಗಿದ್ದೆ. ನಾವು ಆಸ್ಪತ್ರೆಗೆ ಅಲೆಯುತ್ತಿದ್ದ ಎಂಟು ತಿಂಗಳು ಮಗ ಗದಗಿನಲ್ಲಿ ಅಜ್ಜಿಯ ಮನೆಯಲ್ಲಿದ್ದ. ಹನ್ನೊಂದು ವರ್ಷದ ಹುಡುಗ, ಏನೂ ಕೇಳುತ್ತಿರಲಿಲ್ಲ. ಶಾಣ್ಯಾ ಆಗ್ಯಾನ ಅಂದುಕೊಂಡಿದ್ದೆ.

ಕ್ಯಾಂಪಿನ ಎರಡನೇ ದಿನ ಅವನು ನನ್ನನ್ನಲ್ಲ, ನರ್ಸಮ್ಮನನ್ನು ಕೇಳಿದ: "ನಾ ಸೈಕಲ್ ಮ್ಯಾಲಿಂದ ಕೆಡವಿದ್ದಕ್ಕ ಆಕಿಗೆ ಹಿಂಗಾತೇನ್ರಿ?"

ಅವನು ಕೆಡವಿದ್ದು ನಿಜ. ಅವಳ ತೊಡೆ ಮೇಲೆ ನೀಲಿಗಟ್ಟಿದ್ದು ಎಷ್ಟು ದಿನವಾದರೂ ಇಳಿಯಲಿಲ್ಲ, ಅದಕ್ಕೇ ರಕ್ತ ತಪಾಸಣೆ ಮಾಡಿಸಿದ್ದೆವು. ನರ್ಸಮ್ಮ ಅವನ ಪಕ್ಕ ನೆಲದ ಮೇಲೆ ಕೂತು ಹೇಳಿದರು: "ರೋಗ ಮೊದಲ ಒಳಗಿತ್ತಪಾ. ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ ಕಡಿಮಿ ಆಗಿದ್ವು, ಅದಕ್ಕ ಕಲೆ ಇಳೀಲಿಲ್ಲ. ನೀ ಬೀಳಿಸಿದ್ದಕ್ಕ ರೋಗ ಬಂದಿಲ್ಲ, ಅದು ಗೊತ್ತಾತು ಅಷ್ಟ." ಅವನು ಎರಡು ಸಲ ಮತ್ತದನ್ನೇ ಕೇಳಿದ. ಅವರು ಎರಡು ಸಲವೂ ಹೇಳಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಎಂಟು ತಿಂಗಳು ಇದನ್ನು ಎದೆಯಲ್ಲಿಟ್ಟುಕೊಂಡು ಮಲಗುತ್ತಿದ್ದನಲ್ಲ ಎಂದು ಹೊಟ್ಟೆಯಲ್ಲಿ ಸಂಕಟವಾಯಿತು.

1988ರಲ್ಲಿ ನಟ ಪಾಲ್ ನ್ಯೂಮನ್ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಇಂಥ ಮಕ್ಕಳಿಗಾಗಿ ಹೋಲ್ ಇನ್ ದ ವಾಲ್ ಗ್ಯಾಂಗ್ ಕ್ಯಾಂಪ್ ತೆರೆದರು, ದುಡ್ಡು ತಗೊಳ್ಳದೆ. ಅಲ್ಲಿ ಒಡಹುಟ್ಟಿದವರಿಗೂ ಬೇರೆಯಾಗಿ ದಿನಗಳನ್ನಿಡುತ್ತಾರೆ. ಯಾಕೆಂದು ನನಗೆ ಅವತ್ತು ತಿಳಿಯಿತು.

ಮರಳುವಾಗ ಕಾರಿನಲ್ಲಿ ರಟ್ಟಿನ ಎತ್ತಿನ ಕೋಡು ಮುರಿಯಿತು. "ನೀನ ಮುರದಿ!" ಎಂದು ಮಗ ತಂಗಿಯ ಮೇಲೆ ಒದರಿದ. ಕಾಯಿಲೆ ಗೊತ್ತಾದಾಗಿನಿಂದ ಅವಳೆದುರು ಅವನು ದನಿ ಏರಿಸಿದ್ದು ಅದೇ ಮೊದಲು. ನಾನು ಬಿಡಿಸಲು ಹೋಗಲಿಲ್ಲ.