ಹಳೇ ಕಾರಿಗೆ ಯಾವ ಸ್ಪಾರ್ಕ್ ಪ್ಲಗ್? ಮೊದಲು ಹಾಕಿರೋದನ್ನ ಬಿಚ್ಚಿ ನೋಡಿ

ಲಕ್ಷ ಕಿಲೋಮೀಟರ್ ದಾಟಿದ ಪೆಟ್ರೋಲ್ ಕಾರು ಬೆಳಿಗ್ಗೆ ಕೆಮ್ಮುತ್ತದೆ, ಘಾಟಿ ಹತ್ತುವಾಗ ಮಿಸ್ ಹೊಡೆಯುತ್ತದೆ ಅಂದರೆ ಸಾಕು, “ಇರಿಡಿಯಂ ಪ್ಲಗ್ ಹಾಕ್ಸಿ ಸಾರ್, ಹೊಸ ಗಾಡಿ ಥರ ಎಳೆಯುತ್ತೆ” ಎನ್ನುವವರು ಸಿಕ್ಕೇ ಸಿಗುತ್ತಾರೆ. ಎಳೆಯುವುದಿಲ್ಲ. ಇರಿಡಿಯಂನ ದೊಡ್ಡ ಗುಣ ಬಾಳಿಕೆ. ಸಾದಾ ನಿಕಲ್ ಪ್ಲಗ್ ಸುಮಾರು 20,000 ಕಿ.ಮೀ.ಗೆ ಸವೆದರೆ ಅದು ಅದರ ಮೂರು ನಾಲ್ಕು ಪಟ್ಟು ಬರುತ್ತದೆ. ಆದರೆ ಆಯಿಲ್ ಕುಡಿಯುವ ಎಂಜಿನ್ನಿನಲ್ಲಿ ಲೋಹ ಸವೆಯುವುದಕ್ಕೆ ಮೊದಲೇ ಪಿಂಗಾಣಿ ಮೇಲೆ ಬೂದಿ ಕಟ್ಟಿ ಪ್ಲಗ್ ಕೆಡುತ್ತದೆ. ಅಂಥ ಕಾರಿಗೆ ಸಾದಾ ನಿಕಲ್ ಪ್ಲಗ್ ತಂದು 10,000–15,000 ಕಿ.ಮೀ.ಗೊಮ್ಮೆ ಬದಲಿಸುವುದೇ ಜಾಣತನ.

ಅಂಗಡಿಗೆ ಹೋಗುವ ಮುಂಚೆ ಹಳೇ ಪ್ಲಗ್‌ಗಳನ್ನು ಬಿಚ್ಚಿ, ಸಿಲಿಂಡರಿನ ಕ್ರಮದಲ್ಲೇ ಪೇಪರ್ ಮೇಲೆ ಸಾಲಾಗಿ ಇಡಿ. ಮೂತಿಯ ಪಿಂಗಾಣಿ ತಿಳಿ ಕಂದು ಅಥವಾ ಬೂದು ಬಣ್ಣವಿದ್ದರೆ ಎಂಜಿನ್ ಸರಿಯಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ: ಏರ್ ಫಿಲ್ಟರ್ ಕಟ್ಟಿರಬಹುದು, ಚೋಕ್ ಪೂರ್ತಿ ತೆರೆಯುತ್ತಿಲ್ಲದಿರಬಹುದು. ಕಾರ್ಬುರೇಟರ್ ಗಾಡಿಯಾದರೆ ಇನ್ನೊಂದು ಕಾರಣವೂ ಉಂಟು. ಚಿಕ್ಕಮಗಳೂರು ಸಮುದ್ರಮಟ್ಟದಿಂದ 1,000 ಮೀಟರಿಗೂ ಎತ್ತರದಲ್ಲಿದೆ, ಗಾಳಿ ತೆಳು. ಮಂಗಳೂರಿನಲ್ಲಿ ಟ್ಯೂನ್ ಮಾಡಿಸಿದ ಕಾರ್ಬುರೇಟರ್ ಇಲ್ಲಿ ತುಸು ರಿಚ್ ಆಗಿಯೇ, ಅಂದರೆ ಗಾಳಿಗೆ ಪೆಟ್ರೋಲ್ ಜಾಸ್ತಿಯಾಗಿಯೇ ಓಡುತ್ತದೆ. ಜಿಡ್ಡುಜಿಡ್ಡಾದ ಒದ್ದೆ ಕಪ್ಪು ಕಂಡರೆ ಆಯಿಲ್ ಒಳಗೆ ಇಳಿಯುತ್ತಿದೆ, ವಾಲ್ವ್ ಸೀಲ್ ಅಥವಾ ಪಿಸ್ಟನ್ ರಿಂಗ್ ಹೋಗಿದೆ. ಸುಣ್ಣದಂತೆ ಬೆಳ್ಳಗಾಗಿ ಗುಳ್ಳೆ ಎದ್ದಿದ್ದರೆ ವಿಪರೀತ ಬಿಸಿ: ಮಿಶ್ರಣ ಲೀನ್ ಆಗಿದೆ (ಪೆಟ್ರೋಲ್ ಕಡಿಮೆ), ಟೈಮಿಂಗ್ ಮುಂದಿದೆ (ಕಿಡಿ ಬೇಗ ಬರುತ್ತಿದೆ), ಇಲ್ಲವೇ ರೇಡಿಯೇಟರ್ ಕೆಲಸ ಮಾಡುತ್ತಿಲ್ಲ.

ಒಂದೇ ಪ್ಲಗ್ ಮಾತ್ರ ಬೇರೆ ಬಣ್ಣವಿದ್ದರೆ ತೊಂದರೆ ಆ ಸಿಲಿಂಡರಿನದು. ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಎಂಜಿನ್ ಬಿಸಿಯಿರಬೇಕು, ಎಲ್ಲ ಪ್ಲಗ್ ಬಿಚ್ಚಿರಬೇಕು, ಇಗ್ನಿಷನ್ ಬಂದ್ ಮಾಡಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಒತ್ತಡ ಏರಿದರೆ ರಿಂಗ್, ಏರದಿದ್ದರೆ ಹೆಚ್ಚಾಗಿ ವಾಲ್ವ್. ಇದಕ್ಕೆ ಯಾವ ಪ್ಲಗ್ಗೂ ಮದ್ದಲ್ಲ. ಪ್ಲಗ್ಗಿನ ಹೊರಮೈಗಷ್ಟೇ ಆಯಿಲ್ ಮೆತ್ತಿದ್ದರೆ ಗಾಬರಿ ಬೇಡ, ರಾಕರ್ ಕವರಿನ ಪ್ಯಾಕಿಂಗ್ ಹೋಗಿರುತ್ತದೆ ಅಷ್ಟೇ.

ಇನ್ನು ನಂಬರ್. ಹಾಸನದ ಬಿ.ಎಂ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಕಾರಿನ ಹೆಸರಷ್ಟೇ ಹೇಳಬೇಡಿ. ಮ್ಯಾನುವಲ್ಲಿನಲ್ಲಿರುವ ಪ್ಲಗ್ ನಂಬರ್ ಹೇಳಿ. ಇಪ್ಪತ್ತು ವರ್ಷದ ಗಾಡಿಯಲ್ಲಿ ಈಗ ಕೂತಿರುವ ಪ್ಲಗ್ಗೇ ತಪ್ಪಾಗಿರಬಹುದು, ಅದನ್ನು ತೋರಿಸಿ ಅಂಥದ್ದೇ ತರುವುದೂ ಅಪಾಯ. ನಂಬರ್ ಓದುವುದು ಹೇಗೆ ಎನ್ನುವುದಕ್ಕೆ ಎನ್‌ಜಿಕೆ ಕಂಪನಿಯ ಬಿಪಿಆರ್6ಇಎಸ್-11 ಅನ್ನೇ ಉದಾಹರಣೆಯಾಗಿ ನೋಡಿ. ಬಿ ಅಂದರೆ 14 ಮಿ.ಮೀ. ಥ್ರೆಡ್, ಪಿ ಅಂದರೆ ಮುಂದಕ್ಕೆ ಚಾಚಿದ ಪಿಂಗಾಣಿ, ಆರ್ ಅಂದರೆ ಒಳಗೆ ರೆಸಿಸ್ಟರ್ ಇದೆ, 6 ಹೀಟ್ ರೇಂಜ್ (ಪ್ಲಗ್ ಬಿಸಿಯನ್ನು ಬಿಟ್ಟುಕೊಡುವ ಮಟ್ಟ), ಇ ಅಂದರೆ 19 ಮಿ.ಮೀ. ಉದ್ದದ ಥ್ರೆಡ್, ಕೊನೆಯ 11 ಅಂದರೆ 1.1 ಮಿ.ಮೀ. ಗ್ಯಾಪ್ (ಕಿಡಿ ಹಾರುವ ಸಂದು). ಇ ಜಾಗದಲ್ಲಿ ಎಚ್ ಇದ್ದರೆ ಥ್ರೆಡ್ 12.7 ಮಿ.ಮೀ. ಮಾತ್ರ. ಗಿಡ್ಡದ್ದನ್ನು ಉದ್ದದ ಜಾಗಕ್ಕೆ ಹಾಕಿದರೆ ಹೆಡ್ಡಿನ ಖಾಲಿ ಥ್ರೆಡ್ಡಿನಲ್ಲಿ ಕಾರ್ಬನ್ ತುಂಬಿಕೊಳ್ಳುತ್ತದೆ. ಉದ್ದದ್ದನ್ನು ಗಿಡ್ಡ ಜಾಗಕ್ಕೆ ಹಾಕಿದರೆ ಪಿಸ್ಟನ್ ಬಂದು ಬಡಿಯಬಹುದು. ಇಂಜೆಕ್ಷನ್ ಗಾಡಿಗೆ ಆರ್ ಇಲ್ಲದ ಪ್ಲಗ್ ಬೇಡವೇ ಬೇಡ, ಕಿಡಿಯ ವಿದ್ಯುತ್ ಗದ್ದಲ ಎಂಜಿನ್ ನಡೆಸುವ ಕಂಪ್ಯೂಟರನ್ನು (ಇಸಿಯು) ತಬ್ಬಿಬ್ಬು ಮಾಡುತ್ತದೆ.

ಹೀಟ್ ರೇಂಜ್ ವಿಷಯದಲ್ಲಿ ಮೆಕ್ಯಾನಿಕ್‌ಗಳೂ ಎಡವುತ್ತಾರೆ. ಹಾಟ್ ಪ್ಲಗ್ ಅಂದರೆ ಬಲವಾದ ಕಿಡಿ ಅಲ್ಲ. ಮೂತಿಯ ಬಿಸಿಯನ್ನು ಹೆಡ್ಡಿಗೆ ನಿಧಾನವಾಗಿ ಬಿಡುವ ಪ್ಲಗ್. ಎನ್‌ಜಿಕೆ, ಡೆನ್ಸೊಗಳಲ್ಲಿ ಅಂಕಿ ಏರಿದಷ್ಟೂ ಕೋಲ್ಡ್, ಬಾಷ್‌ನಲ್ಲಿ ಅದಕ್ಕೆ ತಿರುಗಾಮುರುಗಾ. ಎನ್‌ಜಿಕೆಯ 6ಕ್ಕೆ ಡೆನ್ಸೊದ 20, ಬಾಷ್‌ನ 7 ಹೆಚ್ಚುಕಡಿಮೆ ಸಮ. ಮೂತಿ 450–500 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮಸಿ ತಾನಾಗಿ ಸುಟ್ಟುಹೋಗುತ್ತದೆ. 850ರ ಆಸುಪಾಸು ದಾಟಿದರೆ ಕಿಡಿ ಬರುವ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ನಿಗೆ ತೂತು ಬೀಳಬಹುದು.

ನಮ್ಮ ಕಡೆ ಎರಡೂ ತುದಿ ಇವೆ. ಸಂತೆ, ಸ್ಕೂಲು, ಬ್ಯಾಂಕು ಅಂತ ಎರಡು ಮೂರು ಕಿ.ಮೀ. ಓಡಿ ನಿಲ್ಲುವ ಗಾಡಿಯ ಪ್ಲಗ್ ಮಸಿ ಸುಡುವಷ್ಟು ಬಿಸಿಯಾಗುವುದೇ ಇಲ್ಲ. ಅದೇ ಗಾಡಿ ಭಾನುವಾರ ಐದು ಜನರನ್ನು ತುಂಬಿಕೊಂಡು ಧರ್ಮಸ್ಥಳದಿಂದ ಚಾರ್ಮಾಡಿ ಹತ್ತುತ್ತದೆ. ಆಯಿಲ್ ಕುಡಿಯುವ ಕಾರಿಗೆ ಒಂದು ಮೆಟ್ಟಿಲು ಹಾಟ್ ಪ್ಲಗ್ ಹಾಕುವ ಗ್ಯಾರೇಜ್ ಉಪಾಯ ಊರೊಳಗಿನ ಓಡಾಟಕ್ಕೆ ನಡೆಯುತ್ತದೆ, ಘಾಟಿಗೆ ಹೋಗುವ ಗಾಡಿಗೆ ಅದನ್ನು ಮಾಡಬೇಡಿ. ಕಂಪನಿ ಹೇಳಿದ ರೇಂಜೇ ಇರಲಿ, ವಾರಕ್ಕೊಮ್ಮೆ ಬೇಲೂರಿನವರೆಗಾದರೂ ಓಡಿಸಿ ಬನ್ನಿ.

ಗ್ಯಾಪ್ ಪೆಟ್ಟಿಗೆಯಲ್ಲಿ ಸರಿ ಇರುತ್ತದೆಂದು ನಂಬಬೇಡಿ, ಸಂದು ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜಿನಲ್ಲಿ ಅಳೆಯಿರಿ. ಪಾಯಿಂಟ್ ಇರುವ ಹಳೇ ಇಗ್ನಿಷನ್ನಿಗೆ ಸಾಮಾನ್ಯವಾಗಿ 0.7–0.8, ಎಲೆಕ್ಟ್ರಾನಿಕ್ ಆದರೆ 1.0–1.1 ಮಿ.ಮೀ.; ಮ್ಯಾನುವಲ್ ಹೇಳಿದ್ದೇ ಅಂತಿಮ. ಬಗ್ಗಿಸುವುದು ಮೇಲಿನ ಕೊಕ್ಕೆಯನ್ನು ಮಾತ್ರ. ಸವೆದು ಗ್ಯಾಪ್ ಅಗಲವಾದ ಪ್ಲಗ್ ಐಡ್ಲಿಂಗಿನಲ್ಲಿ ಸುಮ್ಮನಿದ್ದು ಘಾಟಿಯಲ್ಲೇ ಕೈಕೊಡುವುದೇಕೆ ಅಂದರೆ, ಲೋಡ್ ಬಿದ್ದಾಗ ಸಿಲಿಂಡರಿನೊಳಗೆ ಒತ್ತಡ ಹೆಚ್ಚು, ಕಿಡಿ ಹಾರಲು ವೋಲ್ಟೇಜ್ ಹೆಚ್ಚು ಬೇಕು, ಹಳೇ ಕಾಯಿಲ್ ಅಷ್ಟು ಕೊಡಲಾರದು. ಮುಂಗಾರಿನಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆ ಇದಕ್ಕೆ ತೇವವೂ ಸೇರುತ್ತದೆ. ರಾತ್ರಿ ಬಾನೆಟ್ ಎತ್ತಿ, ಎಂಜಿನ್ ಓಡುವಾಗ ಪ್ಲಗ್ ವೈರ್ ಮೇಲೆ ತುಂತುರು ನೀರು ಚಿಮುಕಿಸಿ ನೋಡಿ. ಕೈ ಮಾತ್ರ ದೂರ. ನೀಲಿ ಕಿಡಿ ಹರಿದಾಡಿದರೆ ವೈರ್ ಸೆಟ್ ಬದಲಿಸದೆ ಹೊಸ ಪ್ಲಗ್ ಹಾಕುವುದು ದಂಡ.

ಹಾಕುವಾಗ ಎಂಜಿನ್ ತಣ್ಣಗಿರಲಿ, ಬಿಸಿ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಥ್ರೆಡ್ ಕಿತ್ತುಬರುತ್ತದೆ. ಸುತ್ತಲಿನ ಕೆಂಪು ಧೂಳನ್ನು ಸೈಕಲ್ ಪಂಪಿನಲ್ಲಾದರೂ ಊದಿಯೇ ಬಿಚ್ಚಿ. ವೈರ್ ಅದಲುಬದಲಾಗದಂತೆ ಒಂದು ತೆಗೆದು ಒಂದು ಹಾಕಿ, ಎಳೆಯುವಾಗ ಕ್ಯಾಪ್ ಹಿಡಿದು ಎಳೆಯಿರಿ. ಹೊಸ ಪ್ಲಗ್ಗಿನ ಹಿಂಭಾಗಕ್ಕೆ ಪೆಟ್ರೋಲ್ ಪೈಪಿನ ತುಂಡು ಸಿಕ್ಕಿಸಿ ಕೈಯಿಂದಲೇ ತಿರುಗಿಸಿ. ಥ್ರೆಡ್ ಅಡ್ಡ ಹಿಡಿದರೆ ಪೈಪ್ ಜಾರಿ ಎಚ್ಚರಿಸುತ್ತದೆ. ವಾಷರ್ ಕೂತ ಮೇಲೆ ಪಾನಾದಲ್ಲಿ ಅರ್ಧದಿಂದ ಮೂರನೇ ಎರಡು ಸುತ್ತು ಸಾಕು. ಟಾರ್ಕ್ ರೆಂಚ್ ಇದ್ದರೆ 25–30 ನ್ಯೂಟನ್ ಮೀಟರ್. ಥ್ರೆಡ್ಡಿಗೆ ಗ್ರೀಸ್ ಬಳಿದರೆ ಅದೇ ಟಾರ್ಕಿನಲ್ಲಿ ಪ್ಲಗ್ ಅತಿಯಾಗಿ ಬಿಗಿದು ಹೆಡ್ಡಿನ ಥ್ರೆಡ್ ಹೋಗುತ್ತದೆ. ಸಿಲಿಕಾನ್ ಗ್ರೀಸ್ ಬೇಕಿರುವುದು ಮಳೆನೀರು ತಡೆಯಲು ಕ್ಯಾಪಿನ ಒಳಗೆ, ಅದೂ ತೆಳ್ಳಗೆ.

500 ಕಿ.ಮೀ. ಆದ ಮೇಲೆ ಎಲ್ಲವನ್ನೂ ಒಮ್ಮೆ ಬಿಚ್ಚಿ ಬಣ್ಣ ನೋಡಿ. ಮರಳಿ ಹಾಕುವಾಗ ವಾಷರ್ ಆಗಲೇ ಚಪ್ಪಟೆಯಾಗಿರುತ್ತದೆ, ಕೈಬಿಗಿಯ ಮೇಲೆ ಹನ್ನೆರಡನೇ ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ.