ದೊಡ್ಡಪ್ಪ ಜಾಗ ಮಾಡಿದ್ದು

"ಹೊಸ ಫೋಟೊ ಹತ್ತುತ್ತಿರಲಿಲ್ಲ ಮಾರಾಯ. ಹಳೇದೊಂದು ನಲವತ್ತೊಂದು ತೆಗೆದು ಜಾಗ ಮಾಡ್ದೆ."

ಮಂಗಳವಾರ ರಾತ್ರಿ ದೊಡ್ಡಪ್ಪ ಫೋನಿನಲ್ಲಿ ಹೇಳಿದ ಈ ಮಾತು ಇನ್ನೂ ನನ್ನ ಕಿವಿ ಬಿಟ್ಟಿಲ್ಲ. ಬಸ್ಸಿನಲ್ಲಿ ಯಾರಿಗೋ ಸೀಟು ಬಿಟ್ಟುಕೊಟ್ಟ ಹಾಗೆ ಹೇಳಿದರು. ಅಳಿಸಿದ್ದು ವೀರಗಲ್ಲುಗಳ ಫೋಟೊ. ಹೈಸ್ಕೂಲಿನಿಂದ ನಿವೃತ್ತರಾದ ಮೇಲೆ ಶಿಕಾರಿಪುರ, ಸೊರಬದ ಕಡೆ ಹೊಲ, ಕೆರೆ ಏರಿ ಸುತ್ತಿ ಒಂದೊಂದಾಗಿ ತೆಗೆದವು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಪ್ರತಿ ಪಟ್ಟಿಗೂ ಬೇರೆ ಫೋಟೊ, ಬೇರೆ ಟಿಪ್ಪಣಿ. ಅವನ್ನೆಲ್ಲ ಹಾಕಲು ವೆಬ್‌ಸೈಟ್ ಮಾಡಿಕೊಟ್ಟವನು ನಾನು.

ಲಾಗಿನ್ ಆಗಿ ನೋಡಿದೆ. 50 ಜಿಬಿಯಲ್ಲಿ ಬಳಸಿದ್ದು 19. ಜಾಗ ಇದೆಯಲ್ಲ! ಸೈಟಿಗೆ ಸರ್ವರಿನಲ್ಲಿ ಜಾಗ ಬಾಡಿಗೆ ಕೊಡುವ ಹೋಸ್ಟಿಂಗ್‌ನವರ ಸಹಾಯವಾಣಿಯ ಹುಡುಗ ಒಂದೇ ಮಾತು ಹೇಳಿದ: "ಸರ್, ಜಾಗ ಮುಗಿದಿಲ್ಲ, ಐನೋಡ್ ಮುಗಿದಿದೆ. ದೊಡ್ಡ ಪ್ಲಾನ್ ತಗೊಳ್ಳಿ." ಐನೋಡ್ ಅಂದರೆ ಪ್ರತಿ ಕಡತಕ್ಕೂ ಸರ್ವರ್ ಇಟ್ಟುಕೊಳ್ಳುವ ದಾಖಲೆ, ಒಂದು ಕಡತಕ್ಕೆ ಒಂದು. ಕಡತ ನಾಲ್ಕು ಎಂಬಿ ಇರಲಿ, ನಾಲ್ಕು ಸಾಲಿನದ್ದಿರಲಿ, ಲೆಕ್ಕ ಒಂದೇ. ನಮ್ಮ ಮಿತಿ 2,50,000. ಜಾಹೀರಾತಿನಲ್ಲಿ ಜಿಬಿಯನ್ನು ದಪ್ಪಕ್ಷರದಲ್ಲಿ ಬರೆಯುತ್ತಾರೆ, ಈ ಸಂಖ್ಯೆಯನ್ನು ಕರಾರಿನ ಒಳಗೆಲ್ಲೋ ಇಡುತ್ತಾರೆ. ಇದು ಸರಿಯಲ್ಲ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಹೇಳಿಕೊಟ್ಟದ್ದನ್ನು ಅವನು ಹೇಳಿದ.

ಪ್ಲಾನ್ ಬದಲಿಸಲಿಲ್ಲ. ಯಾವ ಫೋಲ್ಡರಿನಲ್ಲಿ ಎಷ್ಟು ಕಡತ ಅಂತ ಎಣಿಸುತ್ತಾ ಹೋದೆ. ಮೊಬೈಲಿನ ಒಂದು ದೊಡ್ಡ ಫೋಟೊ ಏರಿಸಿದರೆ ಸೈಟ್ ನಡೆಸುವ ತಂತ್ರಾಂಶ ವರ್ಡ್‌ಪ್ರೆಸ್ ಅದನ್ನು 150ರಿಂದ 2560 ಪಿಕ್ಸೆಲ್‌ವರೆಗೆ ಬೇರೆ ಬೇರೆ ಅಳತೆಗೆ ಕತ್ತರಿಸಿ ಇಡುತ್ತದೆ, ಮೂಲವೂ ಸೇರಿ ಎಂಟು ಕಡತ. ದೊಡ್ಡಪ್ಪನ ಎರಡೂವರೆ ಸಾವಿರ ಫೋಟೊ ಎಲ್ಲ ಸೇರಿ ಇಪ್ಪತ್ತು ಸಾವಿರ. ಉಳಿದದ್ದೆಲ್ಲಿ?

ಮೇಲ್ ಫೋಲ್ಡರಿನಲ್ಲಿ. ಎರಡು ಲಕ್ಷಕ್ಕೂ ಹೆಚ್ಚು.

ಎರಡು ವರ್ಷದ ಹಿಂದೆ ಸೈಟ್ ನಿಧಾನ ಅಂತ ನಾನೇ ಐದು ನಿಮಿಷಕ್ಕೊಮ್ಮೆ ಓಡುವ ಒಂದು ಕ್ರಾನ್, ಅಂದರೆ ಹೊತ್ತಿಗೆ ಸರಿಯಾಗಿ ತಾನಾಗಿಯೇ ನಡೆಯುವ ಕೆಲಸ, ಹಾಕಿದ್ದೆ. ಅದರ ಔಟ್‌ಪುಟ್ ನಿಲ್ಲಿಸಲು ಮರೆತಿದ್ದೆ. ಓಡಿದಾಗೆಲ್ಲ ಒಂದು ಮೇಲ್. ದಿನಕ್ಕೆ 288, ವರ್ಷಕ್ಕೆ 1,05,120. ಯಾರೂ ತೆರೆಯದ ಪೆಟ್ಟಿಗೆಗೆ ಬಂದು ಬೀಳುತ್ತಲೇ ಇತ್ತು. ಸರ್ವರಿನಲ್ಲಿ ಒಂದೊಂದು ಮೇಲ್ ಕೂಡ ಒಂದೊಂದು ಕಡತ.

ಅಳಿಸಲು ಸ್ವಲ್ಪವೇ ಹೊತ್ತು ಹಿಡಿಯಿತು. ಕ್ರಾನ್‌ನ ಬಾಯಿ ಮುಚ್ಚಿಸಲು ಒಂದು ಸಾಲು.

ಆಮೇಲೆ ಸುಮ್ಮನೆ ಕುಳಿತು ಲೆಕ್ಕ ಹಾಕಿದೆ. ದೊಡ್ಡಪ್ಪ ಅಳಿಸಿದ ನಲವತ್ತೊಂದು ಫೋಟೊದಿಂದ ಬಿಡುವಾದದ್ದು 328 ಕಡತದ ಜಾಗ. ನನ್ನ ಕಸ ಎರಡು ಲಕ್ಷ. "ಜಾಗ ಮಾಡ್ದೆ" ಅಂದರು. ಏನೋ ತುಂಬಿದೆ ಅಂದ ತಕ್ಷಣ ಹೆಚ್ಚಾದದ್ದು ತನ್ನದೇ ಇರಬೇಕು ಅಂದುಕೊಳ್ಳುವವರು ಅವರು. ಮನೆ ಕಟ್ಟುವಾಗಲೂ ಹೀಗೇ, ಅಣ್ಣನ ಮಕ್ಕಳಿಗೆ ರೂಮು ಬೇಕು ಅಂತ ಇಡೀ ಪುಸ್ತಕದ ಕಪಾಟನ್ನು ಅಟ್ಟಕ್ಕೆ ಏರಿಸಿದರು. ಗೆದ್ದಲು ಹಿಡಿಯಿತು. ಆಗಲೂ ಯಾರೂ, ನಿಜವಾಗಿ ಜಾಗ ತಿನ್ನುತ್ತಿರುವುದು ಯಾವುದು ಅಂತ ನೋಡಲಿಲ್ಲ. ನಾನೂ ನೋಡಲಿಲ್ಲ. ಫೋಟೊ ಹತ್ತದಿದ್ದಾಗ ನಾಲ್ಕು ದಿನ ಮೊದಲೇ ಅವರು ನನಗೆ ಮೆಸೇಜ್ ಹಾಕಿದ್ದರು. ಉತ್ತರ ಕೊಟ್ಟಿರಲಿಲ್ಲ.

ವರ್ಡ್‌ಪ್ರೆಸ್‌ನಲ್ಲಿ ಫೋಟೊ ಅಳಿಸಿದರೆ ಸಾಮಾನ್ಯವಾಗಿ ಕಸದಬುಟ್ಟಿಗೂ ಹೋಗುವುದಿಲ್ಲ, ಹೋಯಿತೆಂದರೆ ಹೋಯಿತು. ಹೋಸ್ಟಿಂಗ್‌ನವರ ಬ್ಯಾಕಪ್ ಕೇಳಿದರೆ, ಖಾತೆಯಲ್ಲಿ ಒಂದು ಲಕ್ಷ ಕಡತ ದಾಟಿದಾಗಲೇ ಅದು ನಿಂತಿದೆ ಅಂದರು. ಅದೂ ಕರಾರಿನಲ್ಲಿತ್ತು. ನನ್ನ ಲ್ಯಾಪ್‌ಟಾಪಿನ ಹಳೇ ಪ್ರತಿಯಲ್ಲಿ ಮೂವತ್ತನಾಲ್ಕು ಸಿಕ್ಕವು. ಏಳು ಸಿಗಲಿಲ್ಲ. ಫೋನಿನಲ್ಲಿದೆಯಾ ಅಂತ ಕೇಳಿದೆ.

"ಫೋನೂ ತುಂಬಿತ್ತಲ್ಲೋ, ಅಲ್ಲೂ ತೆಗ್ದೆ."

ಬರುವ ಭಾನುವಾರ ಇಬ್ಬರೂ ಹೋಗುತ್ತಿದ್ದೇವೆ, ಕಾರು ನನ್ನದು. ಆರು ಕಲ್ಲು ಇದ್ದಲ್ಲೇ ಇವೆಯಂತೆ. ಏಳನೆಯದು ಒಬ್ಬರ ಅಡಿಕೆ ತೋಟದಲ್ಲಿತ್ತು, ಬೇಲಿ ಹಾಕುವಾಗ ಎತ್ತಿಸಿದ್ದಾರೆ. ಎಲ್ಲಿಗೆ ಅಂತ ದೊಡ್ಡಪ್ಪ ಊರಿನವರಿಗೆ ಫೋನ್ ಮಾಡಿ ಕೇಳುತ್ತಿದ್ದಾರೆ.